ಶಟರ್ ಎಳೆದ ಮೇಲೆ ಒಳಗೇನಾಗ್ತಿದೆ? ವಿಮಾನದ ಹ್ಯಾಂಗರ್‌ಗೂ ಅಂಗಡಿ ಗೋಡೌನ್‌ಗೂ ಒಂದೇ ಕಾವಲು, ನೀವೇ ಮಾಡಿಕೊಳ್ಳಬಹುದು

ಶ್ರೀನಗರ: ರಾತ್ರಿ ಒಂಬತ್ತೂವರೆಗೆ ಶಟರ್ ಎಳೀತೀವಿ, ಬೀಗ ಹಾಕ್ತೀವಿ, ಒಂದ್ಸಲ ಜಗ್ಗಿ ನೋಡಿ ಮನೆ ಕಡೆ ಹೊರಡ್ತೀವಿ. ಬೆಳಗ್ಗೆ ಬಂದು ಬೀಗ ತೆಗೆಯುವವರೆಗೂ ಒಳಗೆ ಏನಾಯ್ತು ಅನ್ನೋದು ನಮಗೆ ಗೊತ್ತಿರೋದಿಲ್ಲ. ಮಳೆ ಸುರಿದ ರಾತ್ರಿ ಬೇಸ್‌ಮೆಂಟ್‌ಗೆ ನೀರು ಬಂದಿದ್ದು, ಕರೆಂಟ್ ಹೋಗಿ ಫ್ರಿಜ್ ನಿಂತಿದ್ದು, ಹಿಂಬಾಗಿಲು ಸರಿಯಾಗಿ ಹಾಕದೇ ಉಳಿದಿದ್ದು, ಎಲ್ಲವೂ ತಿಳಿಯೋದು ಬೆಳಗ್ಗೆಯೇ. ಅಷ್ಟರಲ್ಲಿ ಸಕ್ಕರೆ ಮೂಟೆ ಕರಗಿರುತ್ತೆ, ನೋಟ್‌ಬುಕ್ ಬಂಡಲ್ ಉಬ್ಬಿರುತ್ತೆ.

ಈ ಚಿಂತೆ ನಮ್ಮ ಅಂಗಡಿಯವರದ್ದು ಮಾತ್ರ ಅಲ್ಲ. ಕೋಟಿಗಟ್ಟಲೆ ಬೆಲೆಯ ವಿಮಾನ ಇಟ್ಟುಕೊಂಡವರಿಗೂ ಇದೇ ಚಿಂತೆ. ಅವರು ವಿಮಾನ ನಿಲ್ಲಿಸುವ ದೊಡ್ಡ ಶೆಡ್‌ಗೆ ಹ್ಯಾಂಗರ್ ಅಂತಾರೆ. ನೋಡೋಕೆ ಅದು ಎತ್ತರದ ತಗಡಿನ ಗೋಡೌನ್ ಅಷ್ಟೆ. ಅಂಥ ಶೆಡ್ಡನ್ನು ದೂರದಿಂದ ಗಮನಿಸೋಕೆ ಬೇಕಾದ ಸಲಕರಣೆ ಈಗ ಎಸ್.ಪಿ. ರಸ್ತೆಯಲ್ಲಿ ಬಿಡಿ ಬಿಡಿಯಾಗಿ ಸಿಗುತ್ತೆ. ಸ್ವಲ್ಪ ಬೆಸುಗೆ ಹಾಕೋಕೆ ಬರುವ, ಕಂಪ್ಯೂಟರ್ ಗೊತ್ತಿರುವ ಹುಡುಗ ಅಥವಾ ಹುಡುಗಿ ಮನೆಯಲ್ಲಿದ್ದರೆ ಎರಡು ಭಾನುವಾರದ ಕೆಲಸ. ಹೇಗೆ ಅಂತ ನೋಡೋಣ.

ಜಕ್ಕೂರಿನಿಂದ ಕಲಿಯೋದೇನು?

ಬೆಂಗಳೂರಿಗೂ ವಿಮಾನಕ್ಕೂ ಹಳೇ ನಂಟು. 1940ರಲ್ಲಿ ಮೈಸೂರು ಸರ್ಕಾರದ ಸಹಕಾರದಿಂದ ವಾಲ್‌ಚಂದ್ ಹೀರಾಚಂದ್ ಅವರು ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್. ಹೆಬ್ಬಾಳ ದಾಟಿದ ಮೇಲೆ ಸಿಗುವ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ಅಲ್ಲಿ ಸಣ್ಣ ವಿಮಾನಗಳನ್ನು ಹ್ಯಾಂಗರ್‌ಗಳಲ್ಲಿ ನಿಲ್ಲಿಸ್ತಾರೆ.

ಸಣ್ಣ ವಿಮಾನಕ್ಕೆ ಹಾರುವಾಗಿನಷ್ಟೇ ಅಪಾಯ ಸುಮ್ಮನೆ ನಿಂತಾಗಲೂ ಇರುತ್ತೆ. ಮೊದಲನೆಯದು ತೇವ. ಇಂಥ ವಿಮಾನಗಳ ಎಂಜಿನ್ ಮಾಡುವ ಲೈಕಮಿಂಗ್ ಕಂಪನಿಯೇ ಹೇಳುವಂತೆ, ತೇವಾಂಶ ಜಾಸ್ತಿ ಇರುವ ಜಾಗದಲ್ಲಿ ಹೊಸ ಎಂಜಿನ್ ಎರಡೇ ದಿನ ಓಡದೇ ನಿಂತರೂ ಸಿಲಿಂಡರ್ ಒಳಗೋಡೆಗೆ ತುಕ್ಕು ಹಿಡಿಯೋಕೆ ಶುರುವಾಗಬಹುದು. ಎರಡನೆಯದು ಇಲಿ, ಹಕ್ಕಿ, ಕಣಜ. ವಿಮಾನದ ವೇಗ ಅಳೆಯೋಕೆ ಪಿಟೋ ಅನ್ನೋ ಸಣ್ಣ ಕೊಳವೆ ಇರುತ್ತೆ. ಮಣ್ಣಿನ ಗೂಡು ಕಟ್ಟುವ ಕಣಜ ಅದರೊಳಗೆ ಮನೆ ಮಾಡಿದರೆ ಪೈಲಟ್‌ಗೆ ವೇಗವೇ ತಪ್ಪು ತೋರಿಸುತ್ತೆ. ಅದಕ್ಕೇ ನಿಂತ ವಿಮಾನದ ಕೊಳವೆಗೆ ಕವರ್ ಹಾಕಿಡ್ತಾರೆ. ಮೂರನೆಯದು ಬಾಗಿಲು. ಯಾರು ತೆಗೆದರು, ಯಾವಾಗ ತೆಗೆದರು, ಮತ್ತೆ ಹಾಕಿದರಾ?

ಈ ಪಟ್ಟಿಯಲ್ಲಿ ವಿಮಾನ ಅನ್ನೋ ಪದ ತೆಗೆದು ಅಕ್ಕಿ, ಬಟ್ಟೆ, ಪೇಪರ್ ಅಂತ ಹಾಕಿ ನೋಡಿ. ನಮ್ಮ 50 ಅಡಿ ರಸ್ತೆ ಆಸುಪಾಸಿನ ಯಾವ ಗೋಡೌನ್‌ಗೂ ಹೊಂದುತ್ತೆ.

ನಾಲ್ಕೇ ಪ್ರಶ್ನೆ ಕೇಳಿ

ಬಹಳ ಜನ ಮೊದಲು ಕ್ಯಾಮೆರಾ ತರ್ತಾರೆ. ಕ್ಯಾಮೆರಾ ಬೇಡ ಅಂತಲ್ಲ. ಆದರೆ ರಾತ್ರಿಯಿಡೀ ಅದನ್ನ ನೋಡ್ತಾ ಕೂರೋರು ಯಾರು? ತೇವಾಂಶ ಕ್ಯಾಮೆರಾಕ್ಕೆ ಕಾಣೋದೇ ಇಲ್ಲ. ಯಾವಾಗ ಕ್ಯಾಮೆರಾ ನೋಡಬೇಕು ಅಂತ ನಿಮ್ಮನ್ನ ಎಬ್ಬಿಸಿ ಹೇಳೋದು ಸೆನ್ಸರ್ ಕೆಲಸ. ಮೊದಲು ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಸಾಕು:

1. ಬಾಗಿಲು ಹಾಕಿದೆಯಾ, ತೆಗೆದಿದೆಯಾ?
2. ಒಳಗಿನ ಶಾಖ ಎಷ್ಟು, ತೇವಾಂಶ ಎಷ್ಟು?
3. ನೆಲಕ್ಕೆ ನೀರು ಬಂದಿದೆಯಾ?
4. ಕರೆಂಟ್ ಇದೆಯಾ?

ಇವು ಸರಿಯಾಗಿ ಕೆಲಸ ಮಾಡಿದ ಮೇಲೆ ಬೇಕಾದರೆ ಐದನೆಯದು, ಆರನೆಯದು ಸೇರಿಸಿಕೊಳ್ಳಿ.

ಏನೇನು ಬೇಕು?

ಟೌನ್‌ಹಾಲ್ ಹತ್ತಿರ ಇಳಿದು ನಡೆದರೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಕೆಳಗಿನದೆಲ್ಲ ಅಲ್ಲಿ ಸಿಗುತ್ತೆ. ಬೆಲೆ ಅಂದಾಜು ಮಾತ್ರ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತೆ.

• ಇಎಸ್‌ಪಿ32 ಬೋರ್ಡ್: ಸುಮಾರು 400ರಿಂದ 500 ರೂಪಾಯಿ. ವೈಫೈ ಒಳಗೇ ಇರುವ ಪುಟ್ಟ ಕಂಪ್ಯೂಟರ್ ಇದು. ಇಡೀ ವ್ಯವಸ್ಥೆಯ ತಲೆ ಇದೇ.
• ಡಿಎಚ್‌ಟಿ22 ಸೆನ್ಸರ್: ಸುಮಾರು 200 ರೂಪಾಯಿ. ಶಾಖ, ತೇವಾಂಶ ಎರಡನ್ನೂ ಅಳೆಯುತ್ತೆ. ಇನ್ನೂ ನಿಖರವಾಗಿ ಬೇಕು ಅಂದರೆ ಎಸ್‌ಎಚ್‌ಟಿ31 ಕೇಳಿ.
• ಬಾಗಿಲಿನ ಮ್ಯಾಗ್ನೆಟ್ ಸ್ವಿಚ್: 50ರಿಂದ 100 ರೂಪಾಯಿ. ರೋಲಿಂಗ್ ಶಟರ್‌ಗೆ ಈ ಪ್ಲಾಸ್ಟಿಕ್‌ನದ್ದು ಬೇಡ, ಶಟರ್ ಅಲುಗಾಡಿದಾಗಲೆಲ್ಲ ಸುಳ್ಳು ಹೇಳುತ್ತೆ. ಶಟರ್‌ಗೆ ಅಂತಲೇ ಬರುವ ದಪ್ಪ ಲೋಹದ್ದು ಕೇಳಿ.
• ಫ್ಲೋಟ್ ಸ್ವಿಚ್: ಸುಮಾರು 100 ರೂಪಾಯಿ. ನೀರು ಬಂದರೆ ಮೇಲೇಳುವ ಪುಟ್ಟ ಬುರುಡೆ.
• ಎರಡು ಒಳ್ಳೇ ಮೊಬೈಲ್ ಚಾರ್ಜರ್, ವೈರ್, ರೆಸಿಸ್ಟರ್, ಒಂದು ಪ್ಲಾಸ್ಟಿಕ್ ಡಬ್ಬಿ.
• ರೂಟರ್‌ಗೆ ಹಾಕುವ ಮಿನಿ ಯುಪಿಎಸ್ ಮತ್ತು ಬೋರ್ಡಿಗೆ ಒಂದು ಬ್ಯಾಟರಿ ಬ್ಯಾಕಪ್.

ಅಂಗಡಿಯಲ್ಲಿ ಆಗಲೇ ವೈಫೈ ಇದ್ದು, ಹಳೇ ಚಾರ್ಜರ್ ಮನೆಯಲ್ಲಿದ್ದರೆ ಬ್ಯಾಕಪ್ ಬಿಟ್ಟು ಉಳಿದದ್ದೆಲ್ಲ ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತೆ.

ಜೋಡಿಸೋದು ಹೇಗೆ?

ಬಾಗಿಲು: ಸ್ವಿಚ್‌ನ ಒಂದು ವೈರ್ ಬೋರ್ಡಿನ 32ನೇ ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ಮ್ಯಾಗ್ನೆಟ್ ಹತ್ತಿರ ಇದ್ದಾಗ ಜೋಡಿಕೊಳ್ಳುವ ಸ್ವಿಚ್ಚನ್ನೇ ತಗೊಳ್ಳಿ. ಪ್ರೋಗ್ರಾಂನಲ್ಲಿ ಆ ಪಿನ್‌ಗೆ ಒಳಗಿನ ಪುಲ್‌ಅಪ್ ಆನ್ ಮಾಡಿ. ಆಗ ಬಾಗಿಲು ತೆಗೆದರೂ "ತೆಗೆದಿದೆ" ಅಂತ ಬರುತ್ತೆ, ಯಾರಾದರೂ ವೈರ್ ಕತ್ತರಿಸಿದರೂ "ತೆಗೆದಿದೆ" ಅಂತಲೇ ಬರುತ್ತೆ. ಕಳ್ಳ ವೈರ್ ಕಿತ್ತರೆ ಸಿಸ್ಟಂ ಸುಮ್ಮನಾಗಬಾರದು, ಕೂಗಬೇಕು.

ನೀರು: ಫ್ಲೋಟ್ ಸ್ವಿಚ್ 33ನೇ ಪಿನ್‌ಗೆ, ಇದಕ್ಕೂ ಪುಲ್‌ಅಪ್. ನೆಲ ಒಣಗಿದ್ದಾಗ ಸ್ವಿಚ್ ಜೋಡಿಕೊಂಡಿರುವ ಹಾಗೆ ಕೂರಿಸಿ, ಆಗ ಇಲ್ಲೂ ವೈರ್ ತುಂಡಾದರೆ ತಿಳಿಯುತ್ತೆ. ಗೋಡೌನ್‌ನ ಅತಿ ತಗ್ಗಿನ ಮೂಲೆಯಲ್ಲಿ, ನೆಲದಿಂದ ಒಂದೆರಡು ಇಂಚು ಮೇಲೆ ಇರಲಿ.

ಶಾಖ ಮತ್ತು ತೇವಾಂಶ: ಡಿಎಚ್‌ಟಿ22ರ ಡೇಟಾ ಕಾಲು 4ನೇ ಪಿನ್‌ಗೆ. ಡೇಟಾ ಮತ್ತು 3.3 ವೋಲ್ಟ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಎರಡು ಸೆಕೆಂಡಿಗಿಂತ ಬೇಗ ಬೇಗ ಓದಬೇಡಿ, ತಪ್ಪು ಕೊಡುತ್ತೆ. ಸೆನ್ಸರ್ ಡಬ್ಬಿಯ ಹೊರಗಿರಲಿ. ಬೋರ್ಡಿನ ಬಿಸಿ ತಾಗಿದರೆ ಗೋಡೌನ್ ಬದಲು ಡಬ್ಬಿಯ ಶಾಖ ತೋರಿಸುತ್ತೆ.

ಕರೆಂಟ್: 230 ವೋಲ್ಟ್ ಲೈನಿಗೆ ಕೈ ಹಾಕಲೇಬೇಡಿ. ಒಂದು ಮೊಬೈಲ್ ಚಾರ್ಜರ್ ಅನ್ನು ಬ್ಯಾಕಪ್ ಇಲ್ಲದ ಸಾಕೆಟ್‌ಗೆ ಸಿಕ್ಕಿಸಿ. ಅದರಿಂದ ಬರುವ 5 ವೋಲ್ಟನ್ನು ನೇರ ಬೋರ್ಡಿಗೆ ಕೊಟ್ಟರೆ ಪಿನ್ ಸುಟ್ಟುಹೋಗುತ್ತೆ, ಅದು ತಡೆಯೋದು 3.3 ಮಾತ್ರ. 5 ವೋಲ್ಟ್ ಕಡೆಗೆ 10 ಕಿಲೋಓಮ್, ಗ್ರೌಂಡ್ ಕಡೆಗೆ 15 ಕಿಲೋಓಮ್ ಹಾಕಿ ನಡುವಿನಿಂದ 34ನೇ ಪಿನ್‌ಗೆ ಎಳೆಯಿರಿ, ಸರಿಯಾಗಿ 3 ವೋಲ್ಟ್ ಬರುತ್ತೆ. ಚಾರ್ಜರ್‌ನ ಗ್ರೌಂಡ್ ಮತ್ತು ಬೋರ್ಡಿನ ಗ್ರೌಂಡ್ ಸೇರಿಸಿ. ಕರೆಂಟ್ ಹೋದರೆ ಪಿನ್‌ನಲ್ಲಿ ಸೊನ್ನೆ.

ಹೊಸಬರು ಎಡವುವ ಮೂರು ಕಡೆ ಇವೆ. 34ರಿಂದ 39ರವರೆಗಿನ ಪಿನ್‌ಗಳಿಗೆ ಒಳಗಿನ ಪುಲ್‌ಅಪ್ ಇಲ್ಲ, ಬಾಗಿಲಿನ ಸ್ವಿಚ್ ಅಲ್ಲಿ ಹಾಕಿದರೆ ಹುಚ್ಚುಹುಚ್ಚಾಗಿ ಮೆಸೇಜ್ ಬರುತ್ತೆ. 0, 2, 12, 15 ಈ ಪಿನ್‌ಗಳು ಬೋರ್ಡ್ ಆನ್ ಆಗುವಾಗ ಬೇರೆ ಕೆಲಸಕ್ಕೆ ಬೇಕು, ಅವನ್ನ ಬಿಟ್ಟುಬಿಡಿ. ಇನ್ನು ಈ ಬೋರ್ಡಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನಿಮ್ಮ ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ ಎಷ್ಟು ತಡಕಾಡಿದರೂ ಸಿಗಲ್ಲ.

ಮೆಸೇಜ್ ಫೋನಿಗೆ ಬರೋದು ಹೇಗೆ?

ಟೆಲಿಗ್ರಾಂ ಆ್ಯಪ್‌ನಲ್ಲಿ ಬಾಟ್‌ಫಾದರ್ ಅಂತ ಹುಡುಕಿ, ಅದು ಹೇಳಿದಂತೆ ಮಾಡಿದರೆ ಐದು ನಿಮಿಷದಲ್ಲಿ ನಿಮ್ಮದೇ ಬಾಟ್ ತಯಾರು, ದುಡ್ಡಿಲ್ಲ. ಅದು ಕೊಡುವ ಉದ್ದದ ಟೋಕನ್ ನಿಮ್ಮ ಗೋಡೌನ್ ಕೀ ಇದ್ದ ಹಾಗೆ. ಯಾರಿಗೂ ಫಾರ್ವರ್ಡ್ ಮಾಡಬೇಡಿ. ಆರ್ಡುಯಿನೋ ತಂತ್ರಾಂಶದಲ್ಲಿ ಪ್ರೋಗ್ರಾಂ ಬರೆದು ಬೋರ್ಡಿಗೆ ಹಾಕಬೇಕು. ಟೆಲಿಗ್ರಾಂಗೆ ಮೆಸೇಜ್ ಕಳಿಸುವ ಸಿದ್ಧ ಲೈಬ್ರರಿಗಳು ಅದರಲ್ಲೇ ಸಿಗುತ್ತವೆ. ಮನೆಯವರದ್ದೋ ಪಾಲುದಾರರದ್ದೋ ಒಂದು ಗ್ರೂಪ್ ಮಾಡಿ ಬಾಟನ್ನು ಅದಕ್ಕೆ ಸೇರಿಸಿದರೆ ಎಲ್ಲರಿಗೂ ಒಟ್ಟಿಗೆ ಗೊತ್ತಾಗುತ್ತೆ.

ಪ್ರೋಗ್ರಾಂನಲ್ಲಿ ಮೂರು ವಿಷಯ ಮರೆಯಬೇಡಿ. ಕರೆಂಟ್ ಹೋಗಿ ಬಂದಾಗ ರೂಟರ್ ಎದ್ದೇಳೋಕೆ ಎರಡು ಮೂರು ನಿಮಿಷ ಬೇಕು, ಅಲ್ಲಿವರೆಗೂ ಬೋರ್ಡ್ ಮತ್ತೆ ಮತ್ತೆ ಪ್ರಯತ್ನ ಮಾಡ್ತಾ ಇರಬೇಕು. ನೆಟ್ ಇಲ್ಲದಾಗ ಬಾಗಿಲು ತೆಗೆದರೆ ಆ ವಿಷಯ ನೆನಪಿಟ್ಟುಕೊಂಡು, ನೆಟ್ ಬಂದ ಮೇಲೆ ಸಮಯದ ಸಮೇತ ಕಳಿಸಬೇಕು. ಇಂಟರ್ನೆಟ್‌ನಿಂದ ಗಂಟೆ ತಗೊಳ್ಳುವಾಗ ನಮ್ಮ ಐದೂವರೆ ಗಂಟೆಯ ವ್ಯತ್ಯಾಸ, ಅಂದರೆ 19,800 ಸೆಕೆಂಡ್ ಸೇರಿಸಿ. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಆದದ್ದನ್ನ ಹಿಂದಿನ ದಿನ ರಾತ್ರಿ ಎಂಟೂವರೆಗೆ ಅಂತ ತೋರಿಸಿ ತಲೆ ಕೆಡಿಸುತ್ತೆ.

ಎಷ್ಟು ತೇವಾಂಶ ಆದರೆ ಹೆದರಬೇಕು?

ಕಬ್ಬಿಣಕ್ಕೆ ತುಕ್ಕು ಹಿಡಿಯೋದು ಜೋರಾಗೋದು ತೇವಾಂಶ ಸುಮಾರು ಶೇ. 60 ದಾಟಿದ ಮೇಲೆ. ಮುಂಗಾರಿನ ತಿಂಗಳುಗಳಲ್ಲಿ ಬೆಂಗಳೂರಿನ ಗಾಳಿ ಇದಕ್ಕಿಂತ ಮೇಲೇ ಇರುತ್ತೆ. ಹಾಗಾಗಿ ಶೇ. 60ಕ್ಕೇ ಅಲಾರಂ ಇಟ್ಟರೆ ದಿನಾ ಬಡ್ಕೊಳ್ಳುತ್ತೆ. ಮೊದಲ ಎರಡು ವಾರ ಅಲಾರಂ ಇಲ್ಲದೇ ಬರೀ ಅಂಕಿ ಬರೆದಿಟ್ಟುಕೊಳ್ಳಿ. ನಿಮ್ಮ ಗೋಡೌನ್‌ನ ಮಾಮೂಲಿ ಎಷ್ಟು ಅಂತ ತಿಳಿದ ಮೇಲೆ ಅದರ ಮೇಲೆ ಒಂದು ಗೆರೆ ಹಾಕಿ.

ಇನ್ನೊಂದು ಸುಲಭ ಲೆಕ್ಕ ಇದೆ. ನೂರರಲ್ಲಿ ತೇವಾಂಶ ಕಳೆದು, ಐದರಿಂದ ಭಾಗಿಸಿ, ಬಂದದ್ದನ್ನ ಶಾಖದಿಂದ ಕಳೆಯಿರಿ. 25 ಡಿಗ್ರಿ ಶಾಖ, ಶೇ. 80 ತೇವಾಂಶ ಇದ್ದರೆ 20 ಭಾಗಿಸು 5, ಅಂದರೆ 4. ಉಳಿದದ್ದು 21. ಗೋಡೌನ್‌ನ ತಗಡು ಅಥವಾ ಕಬ್ಬಿಣದ ರ‍್ಯಾಕ್ 21 ಡಿಗ್ರಿಗೆ ತಣ್ಣಗಾದರೆ ಅದರ ಮೇಲೆ ನೀರಿನ ಹನಿ ಕೂರುತ್ತೆ. ಬೆಳಗಿನ ಜಾವ ತಗಡಿನಿಂದ ತೊಟ್ಟಿಕ್ಕೋದು ಸೋರಿಕೆ ಅಲ್ಲದೇ ಇರಬಹುದು, ಇದೇ ಇರಬಹುದು. ತೇವಾಂಶ ಶೇ. 50ಕ್ಕಿಂತ ಮೇಲಿದ್ದಾಗ ಈ ಲೆಕ್ಕ ಹೆಚ್ಚುಕಮ್ಮಿ ಸರಿ ಬರುತ್ತೆ.

ಮೆಡಿಕಲ್ ಸ್ಟೋರ್‌ನವರಿಗೆ ಒಂದು ಮಾತು. ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಒಳಗಿರಬೇಕು. ರಾತ್ರಿ ಕೆಟ್ಟ ಇನ್ಸುಲಿನ್ ಬೆಳಗ್ಗೆ ನೋಡೋಕೆ ಒಳ್ಳೇದರ ಹಾಗೇ ಕಾಣಬಹುದು, ತಗೊಂಡು ಹೋದ ರೋಗಿಗೆ ಗೊತ್ತಾಗೋದು ಶುಗರ್ ಏರಿದ ಮೇಲೆ. ಡಿಎಸ್18ಬಿ20 ಅನ್ನೋ ನೀರು ತಾಗದ ಪ್ರೋಬ್ ಅನ್ನು ನೀರು ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿ ಫ್ರಿಜ್ ಒಳಗಿಡಿ. ಪ್ರತಿ ಸಲ ಬಾಗಿಲು ತೆಗೆದಾಗ ಅಂಕಿ ಕುಣಿಯೋದಿಲ್ಲ, ಔಷಧಕ್ಕೆ ನಿಜವಾಗಿ ತಾಗಿದ ಶಾಖ ತಿಳಿಯುತ್ತೆ. ಆದರೆ ನೀವು ಇಡಬೇಕಾದ ದಾಖಲೆಗೆ ಇದು ಬದಲಿ ಅಲ್ಲ, ಹೆಚ್ಚುವರಿ ಕಾವಲು ಅಷ್ಟೆ.

ಸುಮ್ಮನಿದ್ದರೂ ಅದು ಸುದ್ದಿಯೇ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ. ಬರೀ ತೊಂದರೆ ಆದಾಗ ಮಾತ್ರ ಮೆಸೇಜ್ ಕಳಿಸುವ ಸಿಸ್ಟಂ ಅರ್ಧ ಸಿಸ್ಟಂ. ಬ್ಯಾಟರಿ ಸತ್ತರೆ, ನೆಟ್ ಹೋದರೆ, ಬೋರ್ಡ್ ಸುಟ್ಟರೆ ಮೆಸೇಜ್ ಬರೋದಿಲ್ಲ. ಮೆಸೇಜ್ ಬಂದಿಲ್ಲ, ಅಂದ್ರೆ ಎಲ್ಲಾ ಚೆನ್ನಾಗಿದೆ ಅಂದುಕೊಂಡು ನಾವು ಮಲಗಿರ್ತೀವಿ.

ರಾತ್ರಿ ಗಸ್ತು ಹೊಡೆಯುವ ಗೂರ್ಖಾ ನೆನಪಿದ್ದಾನಲ್ಲ? ಕೋಲು ಕುಟ್ಟುತ್ತಾ, ಸೀಟಿ ಊದುತ್ತಾ ಹೋಗ್ತಾನೆ. ಆ ಶಬ್ದ ಕಳ್ಳರಿಗಷ್ಟೇ ಅಲ್ಲ, ನಮಗೂ ಹೌದು. "ನಾನಿದೀನಿ" ಅಂತ. ಒಂದು ರಾತ್ರಿ ಸೀಟಿ ಕೇಳಿಸಲಿಲ್ಲ ಅಂದರೆ ಅನುಮಾನ ಬರುತ್ತೆ. ನಮ್ಮ ಬೋರ್ಡೂ ಹಾಗೇ ಸೀಟಿ ಊದಬೇಕು.

ಇದಕ್ಕೆ ಹೆಲ್ತ್‌ಚೆಕ್ಸ್ ತರಹದ ಇಂಟರ್ನೆಟ್ ಸೇವೆಗಳಿವೆ, ಸಣ್ಣ ಬಳಕೆಗೆ ಉಚಿತ. ಬೋರ್ಡ್ ಪ್ರತಿ 5 ನಿಮಿಷಕ್ಕೊಮ್ಮೆ ಅದಕ್ಕೆ "ಇದ್ದೀನಿ" ಅಂತ ಹೇಳುತ್ತೆ. 15 ನಿಮಿಷ ಸದ್ದಿಲ್ಲ ಅಂದರೆ ಆ ಸೇವೆಯೇ ನಿಮ್ಮನ್ನ ಎಚ್ಚರಿಸುತ್ತೆ. ಎಚ್ಚರಿಸುವವನು ಗೋಡೌನ್ ಹೊರಗಿರಬೇಕು ಅನ್ನೋದೇ ಇದರ ಗುಟ್ಟು. ಒಳಗೆ ಸತ್ತವನು ತಾನು ಸತ್ತೆ ಅಂತ ಹೇಳೋಕಾಗಲ್ಲ.

ಜೊತೆಗೆ ಬ್ಯಾಕಪ್ ಬೇಕು. ಬೋರ್ಡಿಗೊಂದೇ ಬ್ಯಾಟರಿ ಇಟ್ಟು ರೂಟರ್‌ಗೆ ಇಡದಿದ್ದರೆ ಏನೂ ಉಪಯೋಗ ಇಲ್ಲ. ಬೋರ್ಡ್ ಎದ್ದಿರುತ್ತೆ, ಬಾಯಿ ಇರಲ್ಲ. ಪವರ್‌ಬ್ಯಾಂಕ್ ಬಳಸೋದಾದರೆ ಮೊದಲು ಪರೀಕ್ಷೆ ಮಾಡಿ. ಕೆಲವು ಒಟ್ಟಿಗೆ ಚಾರ್ಜ್ ಆಗ್ತಾ ಕರೆಂಟ್ ಕೊಡಲ್ಲ. ಇನ್ನು ಕೆಲವು ಎಳೆಯುವ ಕರೆಂಟ್ ಕಮ್ಮಿ ಇದ್ದರೆ ತಾವೇ ಆಫ್ ಆಗ್ತವೆ.

ತೋಳ ಬಂತು ತೋಳ ಆಗದಿರಲಿ

ದಿನಕ್ಕೆ ಹತ್ತು ಸುಳ್ಳು ಮೆಸೇಜ್ ಬಂದರೆ ನಾಲ್ಕನೇ ದಿನ ನೀವೇ ಗ್ರೂಪ್ ಮ್ಯೂಟ್ ಮಾಡ್ತೀರಿ. ಅವತ್ತೇ ನೀರು ನುಗ್ಗುತ್ತೆ. ಬಾಗಿಲು ಎರಡು ಸೆಕೆಂಡ್‌ಗಿಂತ ಹೆಚ್ಚು ತೆಗೆದಿದ್ದರೆ ಮಾತ್ರ ಹೇಳಲಿ. ತೇವಾಂಶ ಅರ್ಧ ಗಂಟೆ ಸತತ ಗೆರೆ ದಾಟಿದರೆ ಮಾತ್ರ ಹೇಳಲಿ. ಕರೆಂಟ್ ಹೋದ ಹತ್ತು ನಿಮಿಷದ ಮೇಲೆ ಹೇಳಲಿ, ನಮ್ಮ ಕಡೆ ಹೋಗಿ ಬರೋದು ಇದ್ದದ್ದೇ. ನೀರಿನ ಮೆಸೇಜ್ ಮಾತ್ರ ತಡ ಮಾಡದೇ ಬರಲಿ. ಮನುಷ್ಯರ ಚಲನೆ ಹಿಡಿಯುವ ಪಿಐಆರ್ ಸೆನ್ಸರ್ ಅಗ್ಗ, ಆದರೆ ಇಲಿಗೂ ಬಿಸಿಗಾಳಿಗೂ ಎಚ್ಚರಾಗುತ್ತೆ. ಅದೊಂದನ್ನೇ ನಂಬಿ ರಾತ್ರಿ ಓಡಬೇಡಿ.

ಅಂದಹಾಗೆ, ಗೋಡೌನ್‌ನಲ್ಲಿ ಹುಡುಗರು ಮಲಗುವವರಿದ್ದರೆ ಅಲ್ಲಿ ಏನು ಹಾಕಿದ್ದೀರಿ ಅಂತ ಅವರಿಗೆ ತಿಳಿಸಿಯೇ ಹಾಕಿ.

ನಿಜವಾದ ಹ್ಯಾಂಗರ್‌ಗೆ ಏನು ಬದಲಾಗುತ್ತೆ?

ಜಕ್ಕೂರಿನಂಥ ಕಡೆ ಕೆಲಸ ಮಾಡುವವರು, ಊರಾಚೆ ತೋಟದ ಶೆಡ್ ಇರುವವರು ಇದನ್ನ ಓದ್ತಿದ್ದರೆ ಕೆಲವು ವ್ಯತ್ಯಾಸ ಗಮನಿಸಿ. ತಗಡಿನ ಗೋಡೆ ಸಿಗ್ನಲ್ ತಡೆಯುತ್ತೆ. ಆಂಟೆನಾ ಹೊರಗೆ ಅಥವಾ ಕಿಟಕಿ ಪಕ್ಕ ಇರಬೇಕು. ವೈಫೈ ಇಲ್ಲದ ಕಡೆ 4ಜಿ ಡಾಂಗಲ್ ಇಟ್ಟು ಬೋರ್ಡನ್ನು ಅದಕ್ಕೆ ಸೇರಿಸೋದು ಸುಲಭ. ಅಗ್ಗ ಅಂತ ಹಳೇ 2ಜಿ ಮಾಡ್ಯೂಲ್ ತಂದರೆ ಜಿಯೋ ಸಿಮ್ ಅದರಲ್ಲಿ ಕೆಲಸ ಮಾಡಲ್ಲ. ಸಿಮ್ ರೀಚಾರ್ಜ್ ದಿನಾಂಕ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ರೀಚಾರ್ಜ್ ಮುಗಿದ ದಿನ ಕಾವಲುಗಾರನೂ ರಜೆ.

ವಿಮಾನ ನಿಲ್ದಾಣದ ಆವರಣದಲ್ಲಿ ಏನೇ ಹಾಕುವುದಿದ್ದರೂ ಆಡಳಿತದ ಅನುಮತಿ ಮೊದಲು. ಯಾವ ವೈರೂ ವಿಮಾನಕ್ಕೆ ತಾಗಬಾರದು. ವಿಮಾನದಲ್ಲಿ ಸಣ್ಣ ಬದಲಾವಣೆಗೂ ನಿಯಮದ ಪ್ರಕಾರ ಒಪ್ಪಿಗೆ ಬೇಕು. ಎಲ್ಲವೂ ಗೋಡೆ ಮೇಲಿರಲಿ. ವಿಮಾನದ ಪೆಟ್ರೋಲ್ ಆವಿ ಬೆಂಕಿಗೆ ಕಾಯ್ತಿರುತ್ತೆ. ಬ್ಯಾಟರಿ, ಚಾರ್ಜರ್ ಅದರಿಂದ ದೂರ ಇರಲಿ. ಪೇಂಟ್, ಥಿನ್ನರ್ ಇಡುವ ನಮ್ಮ ಅಂಗಡಿಗಳಿಗೂ ಇದೇ ಮಾತು.

ಕೊನೆಯ ಪರೀಕ್ಷೆ

ಎಲ್ಲಾ ಜೋಡಿಸಿದ ಮೇಲೆ ಒಂದೊಂದಾಗಿ ಕೆಡಿಸಿ ನೋಡಿ. ಬಾಗಿಲು ತೆಗೆಯಿರಿ. ಬಾಗಿಲಿನ ವೈರ್ ಬಿಚ್ಚಿ. ಫ್ಲೋಟ್ ಅನ್ನು ಒಂದು ಮಗ್ ನೀರಿನಲ್ಲಿ ಎತ್ತಿ. ಮೇನ್ ಆಫ್ ಮಾಡಿ. ರೂಟರ್ ಆಫ್ ಮಾಡಿ. ಕೊನೆಗೆ ಬೋರ್ಡಿನ ಬ್ಯಾಟರಿಯನ್ನೇ ಕಿತ್ತುಬಿಡಿ. ಆರಕ್ಕೆ ಆರೂ ಸಲ ಫೋನ್ ಕೂಗಿದರೆ ಪಾಸ್. ಮುಂಗಾರಿಗೆ ಮುಂಚೆ ಒಂದ್ಸಲ, ಆಯುಧಪೂಜೆ ದಿನ ತಕ್ಕಡಿ, ಗಲ್ಲಾಪೆಟ್ಟಿಗೆ ಒರೆಸುವಾಗ ಇನ್ನೊಂದ್ಸಲ ಇದೇ ಪರೀಕ್ಷೆ ಮಾಡಿ. ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಅನ್ನೋದನ್ನೂ ಆಗಲೇ ನೋಡಿ.

ಇನ್ನೊಂದು ಪ್ರಶ್ನೆಗೆ ಉತ್ತರವನ್ನ ಇವತ್ತೇ ಮನೆಯಲ್ಲಿ ಕೂತು ತೀರ್ಮಾನಿಸಿ. ರಾತ್ರಿ ಎರಡು ಗಂಟೆಗೆ "ನೀರು ಬಂದಿದೆ" ಅಂತ ಮೆಸೇಜ್ ಬಂದರೆ ಹೋಗೋರು ಯಾರು? ಕೀ ಯಾರ ಹತ್ತಿರ? ನೀವು ಊರಲ್ಲಿ ಇಲ್ಲದಿದ್ದರೆ ಪಕ್ಕದಂಗಡಿಯವರಲ್ಲಿ ಯಾರಿಗೆ ಫೋನ್ ಮಾಡ್ತೀರಿ? ಬಾಗಿಲು ತೆಗೆದ ಮೆಸೇಜ್ ಆದರೆ ಒಬ್ಬರೇ ಹೋಗಬೇಡಿ, 112ಕ್ಕೆ ಕರೆ ಮಾಡಿ. ನೀರು ನಿಂತ ಗೋಡೌನ್‌ಗೆ ಕಾಲಿಡುವ ಮುಂಚೆ ಮೇನ್ ಆಫ್ ಆಗಿದೆಯಾ ಖಾತ್ರಿ ಮಾಡಿಕೊಳ್ಳಿ. ಮೂಟೆ ಹೋದರೆ ಮತ್ತೆ ತರಬಹುದು.

ಈ ಎರಡು ಮೂರು ಹೆಸರು, ನಂಬರ್ ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳದ ಮೇಲೂ ಅಂಟಿಸಿ, ಮನೆಯ ಕ್ಯಾಲೆಂಡರ್ ಪಕ್ಕದಲ್ಲೂ ಅಂಟಿಸಿ. ಬೋರ್ಡ್ ಎಬ್ಬಿಸುತ್ತೆ ಅಷ್ಟೆ. ಎದ್ದು ಹೋಗೋಕೆ ಮನುಷ್ಯರೇ ಬೇಕು.